ಎರಡನೇ ಸೀಟು

ಆ ಮರಳು ಗಡಿಯಾರ ಕಂಡರೆ ಪಟಾಕಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆಬ್ಬೆರಳಿನಷ್ಟು ಉದ್ದದ ಗಾಜು, ಒಳಗೆ ನೀಲಿ ಮರಳು, ಮೇಲೂ ಕೆಳಗೂ ನಗುವ ಹಲ್ಲಿನ ಚಿತ್ರ. ಮಕ್ಕಳು ಔಷಧದ ನೀರನ್ನು ಬಾಯಲ್ಲಿಟ್ಟು ಅರ್ಧ ನಿಮಿಷ ಮುಕ್ಕಳಿಸಲಿ ಅಂತ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಪುಕ್ಕಟೆ ಹಂಚುವ ವಸ್ತು. ಇಂಥದ್ದೊಂದು ಆಟಿಕೆ ತನ್ನ ಅಪ್ಪನ ಬಾಯಿ ಕಟ್ಟಿ ಕೂರಿಸಿದೆಯಲ್ಲ ಅಂತ ಅವಳ ಸಂಕಟ. ಎತ್ತಿ ಗೋಡೆಗೆ ಅಪ್ಪಳಿಸೋಣ ಅನ್ನಿಸುತ್ತಿತ್ತು. ಅಪ್ಪಳಿಸಿದ್ದರೆ ಡಾಕ್ಟರು ಚೀಲದಿಂದ ಇನ್ನೊಂದು ತೆಗೆದಿಡುತ್ತಿದ್ದರು, ಅದು ಬೇರೆ ಮಾತು.

ಪಟಾಕಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಚಿಕ್ಕವಳಿದ್ದಾಗ ಯಾರೋ ಕೆನ್ನೆ ಹಿಂಡಿದರು ಅಂತ ಅವರ ಕೈ ಕಚ್ಚಿದ್ದಕ್ಕೆ ಚಿಕ್ಕಪ್ಪ ಇಟ್ಟ ಹೆಸರು. ಮೂವತ್ತು ದಾಟಿದರೂ ಹೆಸರು ಬಿಡಲಿಲ್ಲ, ಮೂಗಿನ ತುದಿಯ ಸಿಟ್ಟೂ ಬಿಡಲಿಲ್ಲ. ಅವಳ ಅಪ್ಪ ಅರ್ಧ ಊರಿಗೆ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರು. ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಸೋತುಹೋದವು, ಮಾತು ಗಂಟಲಲ್ಲೇ ಸಿಕ್ಕಿಕೊಳ್ಳತೊಡಗಿತು. ಬುದ್ಧಿ ಎಲ್ಲೂ ಹೋಗಿರಲಿಲ್ಲ. ಒಂದು ವಾಕ್ಯ ಹೇಳಲು ಹೊರಟರೆ ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ ಎಳೆಯಬೇಕಿತ್ತು, ಅಷ್ಟೇ. ಅಂದಿನಿಂದ ಡ್ರೈವಿಂಗ್ ಸ್ಕೂಲನ್ನೂ, ಗೇರು ಹಾಕಿದರೆ ಗೊರಗುಟ್ಟುವ ಹಳೇ ಕಾರನ್ನೂ ಪಟಾಕಿಯೇ ನೋಡಿಕೊಳ್ಳುತ್ತಿದ್ದಳು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಸಮಯಕ್ಕೆ ಸರಿಯಾಗಿ ಒತ್ತುವುದು ಅವಳ ದಿನದ ಕೆಲಸ. ಒತ್ತುವಾಗ ನಾಲಿಗೆ ಹರಿಬಿಡುವುದೂ ಇತ್ತು ಅನ್ನಿ.

ವಾರದ ರಜೆಯ ಮಧ್ಯಾಹ್ನ ಚಿಕ್ಕಪ್ಪನ ಕನ್ನಡಕದ ಅಂಗಡಿಯಲ್ಲಿ ಆಟ. ಮುಂದಿನ ಶಟರನ್ನು ಅರ್ಧ ಎಳೆದು, ಹಿಂದಿನ ಕೋಣೆಯ ಮೇಜಿನ ಮೇಲಿದ್ದ ಸ್ಕ್ರೂ, ಫ್ರೇಮು, ಇಕ್ಕಳಗಳನ್ನೆಲ್ಲ ಒಂದು ತಟ್ಟೆಗೆ ಗುಡಿಸಿ, ಕೈಯಲ್ಲಿ ಬರೆದ ನಕ್ಷೆ ಹಾಸುತ್ತಿದ್ದರು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳು, ದೊಡ್ಡದರಿಂದ ಚಿಕ್ಕದಕ್ಕೆ. ಆಡುವವರು ಐದೇ ಜನ. ಕಥೆ ಕಟ್ಟಿ ಆಟ ನಡೆಸುವ ಚಿಕ್ಕಪ್ಪ, ಅಪ್ಪ, ಪಟಾಕಿ, ಮಹಡಿ ಮೇಲೆ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರು, ಎದುರು ಸಾಲಿನ ಬೇಕರಿಯವನು. ಇಷ್ಟು ವಯಸ್ಸಾದವರು ಬಾಗಿಲು ಹಾಕಿಕೊಂಡು ಇಲ್ಲದ ಯುದ್ಧ ಮಾಡುತ್ತಾರಲ್ಲ ಅಂತ ಬೇಕರಿಯವನ ಹೆಂಡತಿ ನಗುತ್ತಿದ್ದಳು. ನಗಲಿ ಬಿಡಿ, ಅವಳಿಗೇನು ಗೊತ್ತು.

ಆಟ ಹೀಗೆ. ಪ್ರತಿಯೊಬ್ಬರಿಗೂ ಒಬ್ಬ ಪೈಲಟ್, ಆ ಪೈಲಟ್ಟಿಗೊಂದು ನಾಲ್ಕು ಮಹಡಿ ಎತ್ತರದ ರೋಬೋ. ಪೈಲಟ್ ಅದರ ಎದೆಗೂಡಿನಲ್ಲಿ ಕೂತು ಓಡಿಸುತ್ತಾನೆ. "ಶತ್ರುವಿನ ಎರಡು ರೋಬೋ ಗುಡ್ಡ ಇಳಿದು ಬರ್ತಿವೆ, ಏನು ಮಾಡ್ತೀರಿ?" ಅಂತ, ಶತ್ರುಗಳನ್ನೂ ತಾವೇ ಆಡಿಸುವ ಚಿಕ್ಕಪ್ಪ ಕೇಳುತ್ತಾರೆ. ಅವರವರ ಸರದಿ ಬಂದಾಗ ತಮ್ಮ ರೋಬೋ ಏನು ಮಾಡುತ್ತದೆ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಆಯಿತೋ ಕೆಟ್ಟಿತೋ ಅನ್ನುವುದನ್ನು ದಾಳ ತೀರ್ಮಾನಿಸುತ್ತದೆ. ನಕ್ಷೆಯ ಮೇಲೆ ರೋಬೋಗಳ ಬದಲು ಖಾಲಿ ಕನ್ನಡಕದ ಡಬ್ಬಿಗಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ಡಬ್ಬಿಯೊಳಗೆ ಪೈಲಟ್ ಅಂತ ಒಂದೊಂದು ಅಂಗಿ ಗುಂಡಿ.

ಮರಳು ಗಡಿಯಾರ ಮೊದಲಿಗೆ ಇರಲಿಲ್ಲ. ಕೊಂಡು ತಂದ ಪುಸ್ತಕದ ನಿಯಮದಲ್ಲಿ ರೋಬೋವಿನ ಕೈಗೊಂದು ದಾಳ, ಕಾಲಿಗೊಂದು ದಾಳ, ಇಂಜಿನ್ ಎಷ್ಟು ಕಾದಿದೆ ಅನ್ನುವುದಕ್ಕೆ ಇನ್ನೊಂದು. ಒಂದು ರೋಬೋ ಇನ್ನೊಂದರ ಕಪಾಳಕ್ಕೆ ಬಿಗಿಯುವಷ್ಟರಲ್ಲಿ ಎಲ್ಲರಿಗೂ ಆಕಳಿಕೆ. ಆಗ ಅಪ್ಪನೇ ತಲೆ ಕೆಟ್ಟು, "ಇದೇನು ಯುದ್ಧಾನೋ ಕಚೇರಿ ಕೆಲಸಾನೋ? ಅಷ್ಟು ದೊಡ್ಡ ಗಾಡಿ ಓಡಿಸೋನು ಯೋಚನೆ ಮಾಡ್ತಾ ಕೂತ್ರೆ ಆಗುತ್ತಾ?" ಅಂದು, ಡಾಕ್ಟರ ಚೀಲದಿಂದ ಆ ಗಾಜನ್ನು ಕಸಿದು ಮೇಜಿನ ನಡುವೆ ಇಟ್ಟಿದ್ದರು. ಮರಳು ಇಳಿಯುವುದರೊಳಗೆ ಹೇಳಬೇಕು. ಹೇಳದಿದ್ದರೆ ರೋಬೋ ನಿಂತಲ್ಲೇ ನಿಲ್ಲುತ್ತದೆ, ನಿಂತ ರೋಬೋಗೆ ಏಟು ಸುಲಭವಾಗಿ ಬೀಳುತ್ತದೆ. ಅಪ್ಪ ರಸ್ತೆಯಲ್ಲಿ ಯಾರಿಗೂ ಇಲ್ಲದಷ್ಟು ಹುಷಾರಿನ ಮನುಷ್ಯ, ಈ ಮೇಜಿನ ಮುಂದೆ ಕೂತರೆ ಹುಚ್ಚು ಸಾಹಸಗಾರ. ರೋಬೋವನ್ನು ಜಲಪಾತದಿಂದ ಧುಮುಕಿಸುತ್ತಿದ್ದರು, ರೈಲು ಎತ್ತಿ ಎಸೆಯುತ್ತಿದ್ದರು. ಸೋತು ಸುಣ್ಣವಾದರೂ ಮೇಜು ಗುದ್ದಿ ನಗುತ್ತಿದ್ದರು.

ಆ ಅಪ್ಪ ಈಗ ಅದೇ ಗಾಜಿನ ಮುಂದೆ ಕೂತು "ನಾ... ನಾನು..." ಅನ್ನುವಷ್ಟರಲ್ಲಿ ಮರಳು ಮುಗಿಯುತ್ತಿತ್ತು. ರೋಬೋ ನಿಂತೇ ಇರುತ್ತಿತ್ತು. ವಾರದಿಂದ ವಾರಕ್ಕೆ ಇದೇ ಕಥೆ. ಇಷ್ಟಾದರೂ ಅಪ್ಪನ ಡಬ್ಬಿಗೆ ಒಂದು ಏಟೂ ಬೀಳುತ್ತಿರಲಿಲ್ಲ ಅನ್ನುವುದನ್ನು ಮೊದಲು ಗಮನಿಸಿದವನು ಬೇಕರಿಯವನು. ಪಾಪ, ಅವನದು ಮುಗ್ಧ ಪ್ರಶ್ನೆ.

"ಅಲ್ಲಾ, ಶತ್ರು ರೋಬೋ ಮೇಷ್ಟ್ರ ಮೂಗಿನ ಮುಂದೇನೇ ಹಾದುಹೋಗಿ ನನಗ್ಯಾಕೆ ಹೊಡೀತು? ನಾನು ಅಷ್ಟು ದೂರದಲ್ಲಿದ್ದೀನಲ್ಲ!"

ಚಿಕ್ಕಪ್ಪ ತಲೆ ಎತ್ತಲಿಲ್ಲ. ಪಟಾಕಿಗೆ ಆಗ ಹೊಳೆಯಿತು, ಹೊಳೆದದ್ದೇ ತಡ ಪಿತ್ತ ನೆತ್ತಿಗೇರಿತು.

"ಯಾಕೆ ಅಂದ್ರೆ ಅಪ್ಪನ ರೋಬೋ ಇವರ ಕಣ್ಣಿಗೆ ಕೆಟ್ಟು ನಿಂತ ಲಾರಿ! ಪಕ್ಕಕ್ಕೆ ಸರಿದು ಹೋಗ್ತಾರೆ. ಚಿಕ್ಕಪ್ಪಾ, ನಾಚಿಕೆ ಆಗಲ್ವಾ ನಿಮಗೆ? ಒಂದೋ ಆ ಗಾಜು ತೆಗೀರಿ, ಇಲ್ಲಾ ಹೊಡೀರಿ. ನಿಮ್ಮ ಕರುಣೆ ಯಾರಿಗೆ ಬೇಕು?"

"ಗಾಜು ಇಟ್ಟಿದ್ದು ನಿಮ್ಮಪ್ಪಾನೇ ಕಣೆ," ಅಂದರು ಚಿಕ್ಕಪ್ಪ. "ಅಣ್ಣನಿಗೋಸ್ಕರ ಅದನ್ನ ತೆಗೆದ್ರೆ ಅಣ್ಣನಿಗೇ ಅವಮಾನ. ಇನ್ನು ಹೊಡಿ ಅಂತೀಯಾ, ಕೈ ಬರಲ್ಲ ನಂಗೆ. ಆಸ್ಪತ್ರೆಯಲ್ಲಿ ಹೇಗೆ ಮಲಗಿದ್ದ ಅಂತ ನೀನೂ ನೋಡಿದ್ದೀಯ."

"ಇಲ್ಲಿ ಕಲ್ಲಿನ ಹಾಗೆ ಕೂತಿರೋದು ಅವಮಾನ ಅಲ್ವಾ?"

"ಸ್ವಲ್ಪ ಸಮಾಧಾನ..." ಅಂದರು ಡಾಕ್ಟರು.

"ನೀವು ಮಾತಾಡ್ಬೇಡಿ ಡಾಕ್ಟ್ರೇ! ಆ ದರಿದ್ರ ಗಡಿಯಾರ ನಿಮ್ಮದೇ!"

ಅಪ್ಪ ಎಡಗೈ ಎತ್ತಿ ಏನೋ ಹೇಳಲು ಹೊರಟಿದ್ದರು. ತುಟಿ ಅಲುಗುತ್ತಿತ್ತು. ಪಟಾಕಿ ಅವರ ಕೈ ಹಿಡಿದು ಮೇಜಿನ ಮೇಲಿಟ್ಟಳು. "ನೀನು ಸುಮ್ನಿರಪ್ಪ, ನಾನು ಮಾತಾಡ್ತಿದ್ದೀನಲ್ಲ."

ಮಾತಾಡಿದಳು. ಅವಳ ಬಾಯಿಗೆ ಎದುರು ನಿಲ್ಲುವವರು ಆ ಸಾಲು ಅಂಗಡಿಗಳಲ್ಲೇ ಇರಲಿಲ್ಲ. ಬೈದು ಬೈದು ಸುಸ್ತಾದ ಮೇಲೆ ಅವಳಿಗೇ ಒಂದು ಉಪಾಯ ಹೊಳೆಯಿತು. ದಿನವಿಡೀ ಅವಳು ಕೂರುವ ಜಾಗದಿಂದಲೇ ಎದ್ದು ಬಂದ ಉಪಾಯ.

"ನಮ್ಮ ಕಾರಲ್ಲಿ ಎರಡು ಬ್ರೇಕ್ ಇಲ್ವಾ? ಹಾಗೇ ರೋಬೋಗೂ ಎರಡು ಸೀಟು ಮಾಡಿ. ಮೊದಲನೇ ಸೀಟು ಅಪ್ಪಂದು. ಎರಡನೇದರಲ್ಲಿ ನಾನು. ನನ್ನ ರೋಬೋ ಬೇಕಾದ್ರೆ ಗುಜರಿಗೆ ಹಾಕಿ. ಇಬ್ಬರಲ್ಲಿ ಯಾರು ಹೇಳಿದ್ರೂ ನಡೆಯುತ್ತೆ. ಗಾಜು ಇದ್ದ ಹಾಗೇ ಇರಲಿ, ಯಾರಿಗೂ ಅವಮಾನ ಇಲ್ಲ."

ಬೇಕರಿಯವನು "ಭಲೇ!" ಅಂದ. ಡಾಕ್ಟರು ಕಣ್ಣೊರೆಸಿಕೊಂಡರು. ಚಿಕ್ಕಪ್ಪನ ಮುಖದಲ್ಲಿ ಹೋದ ಜೀವ ಬಂತು, ಆದರೂ ಒಂದು ಮಾತು ಕೇಳಿದರು. "ಅಣ್ಣಾ, ನಿಂಗೆ ಒಪ್ಪಿಗೇನಾ?"

ಅಪ್ಪ ಬಾಯಿ ತೆರೆದರು. "ನ... ನಂಗೆ..."

"ಒಪ್ಪಿಗೆ ಇಲ್ದೆ ಏನು? ಇದಕ್ಕಿಂತ ಇನ್ನೇನು ಬೇಕು?" ಅಂದಳು ಪಟಾಕಿ. ತನ್ನ ಡಬ್ಬಿಯಿಂದ ಕೆಂಪು ಗುಂಡಿ ತೆಗೆದು ಅಪ್ಪನ ಡಬ್ಬಿಯೊಳಗೆ, ಅವರ ಕಪ್ಪು ಗುಂಡಿಯ ಪಕ್ಕ ಹಾಕಿ ಟಪ್ಪಂತ ಮುಚ್ಚಿದಳು.

ಅಲ್ಲಿಂದಾಚೆ ಅಪ್ಪನ ರೋಬೋ ಒಮ್ಮೆಯೂ ಸುಮ್ಮನೆ ನಿಲ್ಲಲಿಲ್ಲ. ಗಾಜು ತಿರುಗಿಸಿದ ಕೂಡಲೇ ಅಪ್ಪ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಪಟಾಕಿ ಅವರ ಮುಖ ನೋಡಿ, ನಕ್ಷೆ ನೋಡಿ, "ಗುರಾಣಿ ಎತ್ತಿ ಹಿಂದಕ್ಕೆ ಸರೀತೀವಿ" ಅನ್ನುತ್ತಿದ್ದಳು. ಇಲ್ಲವೇ "ಗೋದಾಮಿನ ಮರೆಯಲ್ಲಿ ಕೂತ್ಕೋತೀವಿ, ಅಲ್ವಾಪ್ಪ?" ಹೇಳುವಾಗ ಯಾವತ್ತೂ "ನಾವು" ಅಂತಲೇ. ಈಗ ಚಿಕ್ಕಪ್ಪನೂ ಧೈರ್ಯವಾಗಿ ಹೊಡೆಯುತ್ತಿದ್ದರು. ಗುರಾಣಿ ಎತ್ತಿದ ರೋಬೋಗೆ ಹೊಡೆದರೆ ಏನಾಗುತ್ತದೆ? ತರಚುಗಾಯ. ಬೇಕರಿಯವನ ರೋಬೋ ಸುಟ್ಟುಹೋಯಿತು, ಡಾಕ್ಟರದ್ದರ ಒಂದು ಕಾಲು ಮುರಿಯಿತು, ಅಪ್ಪನದು ಮಾತ್ರ ಹೊಸದರ ಹಾಗಿತ್ತು. "ಅಪ್ಪ ಮಗಳ ಜೋಡಿ ಅಂದ್ರೆ ಇದು" ಅಂತ ಎಲ್ಲರೂ ಬೆನ್ನು ತಟ್ಟುವವರೇ. ಪಟಾಕಿ ಉಬ್ಬಿಹೋದಳು. ಯಾಕೆ ಉಬ್ಬಬಾರದು? ಗುದ್ದಾಡಿ ಗಳಿಸಿದ್ದಲ್ಲವೇ?

ಅಪ್ಪ ಮೊದಮೊದಲು ಎಡಗೈಯಲ್ಲಿ ದಾಳ ಉರುಳಿಸುತ್ತಿದ್ದರು. ಆಮೇಲೆ ಅದನ್ನೂ ಅವಳ ಕಡೆ ತಳ್ಳತೊಡಗಿದರು. ಗಾಜು ತಿರುಗಿದಾಗ ಎಳೆದುಕೊಳ್ಳುತ್ತಿದ್ದ ಆ ಉಸಿರೂ ನಿಂತಿತು. ಅವರು ಗೋಡೆಯ ಮೇಲಿನ ಅಕ್ಷರಗಳನ್ನೇ ನೋಡುತ್ತಾ ಕೂತಿರುತ್ತಿದ್ದರು. ಸುಸ್ತು ಅಂತ ಪಟಾಕಿ ಅಂದುಕೊಂಡಳು. ನೆಮ್ಮದಿ ಅಂತಲೂ ಒಂದೊಂದು ಸಲ ಅಂದುಕೊಂಡಳು. ಅವಳಿಗೆ ಹಾಗೆ ಅಂದುಕೊಳ್ಳಬೇಕಿತ್ತು.

ಒಂದು ರಜೆಯ ದಿನ ಅವಳು ಚಪ್ಪಲಿ ತಂದು ಕಾಲ ಬಳಿ ಇಟ್ಟರೆ ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು. "ಬೇ... ಬೇಡ."

"ಬೇಡ ಅಂದ್ರೆ ಏನರ್ಥ?" ಪಟಾಕಿ ನೆಲದ ಮೇಲೆ ಕೂತವಳು ಕೂತಲ್ಲೇ ಸಿಡಿದಳು. "ನಿನಗೋಸ್ಕರ ನಾನು ಚಿಕ್ಕಪ್ಪನ ಹತ್ರ ಹಾವು ಮುಂಗುಸಿ ಥರ ಜಗಳ ಆಡಿದ್ದೀನಿ. ಆ ಡಾಕ್ಟ್ರಿಗೆ ಬಾಯಿಗೆ ಬಂದ ಹಾಗೆ ಅಂದಿದ್ದೀನಿ. ನನ್ನ ರೋಬೋ ಬಿಟ್ಟಿದ್ದೀನಿ. ಈಗ ಬೇಡವಂತೆ! ಮನೇಲಿ ಕೂತು ಗೋಡೆ ನೋಡ್ತೀಯಾ? ಏಳು, ಏಳು."

ಸೋತ ಕಾಲನ್ನು ಅವಳೇ ಎತ್ತಿ ಚಪ್ಪಲಿಯೊಳಗೆ ತೂರಿಸಿದಳು. ಅಪ್ಪ ಅವಳ ನೆತ್ತಿಯನ್ನೇ ನೋಡುತ್ತಿದ್ದರು. ಆ ನೋಟವನ್ನು ಅವಳು ನೋಡಲಿಲ್ಲ, ಬೆಲ್ಟಿನ ತೂತು ಹುಡುಕುವುದರಲ್ಲಿದ್ದಳು.

ಅವತ್ತಿನ ಆಟ ಬಿಗಿಯಾಗಿತ್ತು. ನಕ್ಷೆಯ ನಡುವೆ ನದಿ, ನದಿಗೊಂದು ಉದ್ದನೆಯ ಸೇತುವೆ. ಶತ್ರುವಿನ ಮೂರು ರೋಬೋ ಸಾಲಾಗಿ ಸೇತುವೆಯ ಮೇಲೆ ಬಂದಿದ್ದವು. ಈಚೆ ದಡದಲ್ಲಿ ಕುಂಟುತ್ತಿರುವ ಡಾಕ್ಟರ ರೋಬೋ, ಹೊಸದಾಗಿ ಸಿಕ್ಕಿದ ಬೇಕರಿಯವನ ರೋಬೋ, ಅಪ್ಪನದು. ಸರದಿ ಅಪ್ಪನದು. ಚಿಕ್ಕಪ್ಪ ಗಾಜಿನ ಮೇಲೆ ಕೈಯಿಟ್ಟು, "ಏನು ಮಾಡ್ತೀರಿ?" ಅಂದರು. ಇನ್ನೂ ತಿರುಗಿಸಿರಲಿಲ್ಲ. ಪಟಾಕಿ ಆಗಲೇ "ನಾವು..." ಅಂತ ಶುರು ಮಾಡಿದ್ದಳು.

ಅಪ್ಪನ ಎಡಗೈ ಮುಂದಕ್ಕೆ ಬಂತು. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳ ಎಬ್ಬಿಸಿದರು. ಬೆರಳು ಒಳಗೆ ತಡಕಾಡಿತು. ಕೆಂಪು ಗುಂಡಿ ತೆಗೆದು ನಕ್ಷೆಯ ಮೇಲೆ, ಪಟಾಕಿಯ ಮುಂದೆ, ರಸ್ತೆಯ ನಡುವೆ ಇಟ್ಟರು.

"ಇಳಿ," ಅಂದರು.

ಆ ಒಂದು ಪದಕ್ಕೆ ಅವರು ತಡವರಿಸಲೇ ಇಲ್ಲ.

ಪಟಾಕಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಪಾಳಕ್ಕೆ ಹೊಡೆಸಿಕೊಂಡ ಹಾಗೆ ಮುಖ ಕೆಂಪೇರಿತು. "ಏನಪ್ಪಾ ಇದು? ಆಟದ ಮಧ್ಯೆ ಹುಡುಗಾಟಾನಾ? ಚಿಕ್ಕಪ್ಪಾ, ಎರಡನೇ ಸೀಟಿನವರನ್ನ ಹೀಗೆ ಇಳಿಸೋಕೆ ನಿಯಮ ಇಲ್ಲ. ಹೇಳಿ ಇವರಿಗೆ."

ಚಿಕ್ಕಪ್ಪ ಅಣ್ಣನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ ಅಂತ ಆಗ ಅವರಿಗೂ ಅನ್ನಿಸಿರಬೇಕು.

"ಇಳಿಸಬಾರದು ಅಂತಲೂ ನಿಯಮ ಇಲ್ಲ," ಅಂದರು. "ರೋಬೋ ಅವನದು."

"ಸುತ್ತ ಶತ್ರುಗಳು ನಿಂತಿದ್ದಾರೆ!"

"ನಂಗೂ ಕಾಣುತ್ತೆ ಕಣಮ್ಮ. ನಾನೇ ನಿಲ್ಲಿಸಿದ್ದು."

ಹಾಗಂದು ಗಾಜು ತಿರುಗಿಸಿಬಿಟ್ಟರು.

ಅಪ್ಪ ಉಸಿರೆಳೆದುಕೊಂಡರು. "ಸೇ..." ಅಂದರು. ಕೊರಳ ನರ ಉಬ್ಬಿತು. "ಸೇತುವೆ..." ಪಟಾಕಿಗೆ ತುಟಿಯ ತುದಿಯಲ್ಲಿ ನೂರು ಮಾತು. ಸೇತುವೆಯಿಂದ ದೂರ ಹೋಗು, ಸೇತುವೆಗೆ ಬೆನ್ನು ಮಾಡಬೇಡ, ಗುರಾಣಿ, ಗುರಾಣಿ ಎತ್ತು ಮಾರಾಯ. ಮೇಜಿನ ಕೆಳಗೆ ಅವಳ ಬಲಗಾಲು ತನ್ನಷ್ಟಕ್ಕೆ ತಾನೇ ನೆಲ ಒತ್ತುತ್ತಿತ್ತು. "ಸೇತುವೆ... ಕೆ... ಕೆಳ..." ನೀಲಿ ಮರಳು ಸದ್ದಿಲ್ಲದೆ ಇಳಿಯಿತು. ಕೊನೆಯ ಕಾಳು ಬಿದ್ದಾಗ ಅಪ್ಪ ಇನ್ನೂ ಅದೇ ಪದದಲ್ಲಿದ್ದರು.

"ಮುಗೀತು ಅಣ್ಣಾ," ಅಂದರು ಚಿಕ್ಕಪ್ಪ. ದನಿ ಅಷ್ಟು ಗಟ್ಟಿ ಇರಲಿಲ್ಲ. "ನಿಂತಿದೆ ನಿನ್ನ ರೋಬೋ."

"ನೋಡಿದ್ಯಾ! ನೋಡಿದ್ಯಾ!" ಪಟಾಕಿ ಎದ್ದೇ ನಿಂತಳು. "ಇದಕ್ಕಾ ನನ್ನ ಇಳಿಸಿದ್ದು? ಚಿಕ್ಕಪ್ಪಾ, ದಾಳ ಕೆಳಗಿಡಿ. ಹೊಡೀಬೇಡಿ. ಹೊಡೆದ್ರೆ ನಾನು ಇನ್ನೊಂದು ಸಲ ಈ ಅಂಗಡಿ ಮೆಟ್ಟಿಲು ಹತ್ತಲ್ಲ!"

ಚಿಕ್ಕಪ್ಪನ ಕೈಯಲ್ಲಿ ದಾಳ ಹಾಗೇ ಇತ್ತು. ಅವರು ಅಣ್ಣನ ಕಡೆ ತಿರುಗಿದರು.

ಅಪ್ಪ ಮೇಜು ಗುದ್ದಿದರು. ಎಡಗೈ ಮುಷ್ಟಿಯ ಏಟಿಗೆ ತಟ್ಟೆಯಲ್ಲಿದ್ದ ಸ್ಕ್ರೂಗಳೆಲ್ಲ ಝಲ್ಲೆಂದವು. "ಹೊಡಿಯೋ... ಬೋಳಿಮಗನೇ!"

ಬೈಗುಳ ಮಾತ್ರ ಒಂದಿಷ್ಟೂ ತೊದಲದೆ, ಹಳೇ ಅಪ್ಪನ ಬಾಯಿಂದ ಬಂದಂತೆ ಬಂತು. ಬೇಕರಿಯವನು ನಕ್ಕುಬಿಟ್ಟು, ನಗಬಾರದಿತ್ತೇನೋ ಅಂತ ಬಾಯಿ ಮುಚ್ಚಿಕೊಂಡ. ಚಿಕ್ಕಪ್ಪ ದಾಳ ಉರುಳಿಸಿದರು. ಮೂರೂ ಶತ್ರುಗಳ ಲೆಕ್ಕಕ್ಕೆ ಮೂರು ಸಲ. ಮೂರೂ ತಾಗಿದವು. ಅವರು ಕೈ ಚಾಚಿ ಅಣ್ಣನ ಡಬ್ಬಿಯನ್ನು ಅಡ್ಡ ಮಲಗಿಸಿದರು. ಬಿದ್ದ ರೋಬೋದೊಳಗಿನ ಪೈಲಟ್ ಬದುಕಿದ್ದಾನೋ ಇಲ್ಲವೋ ಅಂತ ಇನ್ನೊಂದು ದಾಳ ಹಾಕಬೇಕು. ಪಟಾಕಿ ಅಭ್ಯಾಸಬಲದಿಂದ ಕೈ ಚಾಚಿದಳು. ಅಪ್ಪ ದಾಳವನ್ನು ಅವಳಿಗಿಂತ ಮೊದಲು ಬಾಚಿಕೊಂಡು ಎಡಗೈಯಲ್ಲಿ ಎಸೆದರು. ದಾಳ ನಕ್ಷೆ ದಾಟಿ, ಡಾಕ್ಟರ ಕೈಚೀಲಕ್ಕೆ ಬಡಿದು ನಿಂತಿತು. ಒಂದು. ಅದಕ್ಕಿಂತ ಕೆಟ್ಟದ್ದು ದಾಳದಲ್ಲಿ ಇರಲಿಲ್ಲ.

ಎಷ್ಟೋ ವರ್ಷಗಳ ಪೈಲಟ್ ಅದು. ಪಟಾಕಿ ಶಾಲೆಗೆ ಹೋಗುತ್ತಿದ್ದಾಗಿನಿಂದ ಅಪ್ಪ ಓಡಿಸಿದ ಪೈಲಟ್.

ಅಪ್ಪ ದಾಳವನ್ನು ನೋಡಿದರು. ಅವರ ಬಾಯಿಯ ಒಂದು ಕಡೆ ಮೇಲೆದ್ದಿತು, ಏಳದ ಇನ್ನೊಂದು ಕಡೆಯೂ ಏಳಲು ನೋಡಿತು. ಹೊಟ್ಟೆಯಿಂದ ನಗು ಉಕ್ಕಿ ಬಂತು, ಪಾರ್ಶ್ವವಾಯು ಬಡಿದ ಮೇಲೆ ಆ ಕೋಣೆಯಲ್ಲಿ ಯಾರೂ ಕೇಳದ ನಗು.

"ನಾನೇ..." ಅಂದರು, ಎದೆ ತಟ್ಟಿಕೊಂಡು. "ನಾನೇ... ಸತ್ತೆ."

ಆಮೇಲೆ, ಗಾಜು ಖಾಲಿಯಾಗಿ ಬಿದ್ದಿದ್ದರೂ, ರೋಬೋ ಮಲಗಿದ್ದರೂ, ಅರ್ಧಕ್ಕೆ ನಿಂತ ವಾಕ್ಯವನ್ನು ಮತ್ತೆ ಹಿಡಿದರು. ಹೊರಗೆ ಯಾರೋ ಅರ್ಧ ಶಟರು ಬಡಿದು, ಉತ್ತರ ಬಾರದೆ ಹೋದರು. ಅಪ್ಪ ಒಂದೊಂದೇ ಪದ ಎಳೆದು ಹೊರಗಿಟ್ಟರು. "ಸೇತುವೆ... ಕೆಳಗೆ. ನೀರಿಗೆ... ಇಳಿದು. ಕಂಬ... ಮುರೀತೀನಿ."

ಬೇಕರಿಯವನು ನಕ್ಷೆಯ ಮೇಲೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ! ಮೂರೂ ಒಟ್ಟಿಗೆ ನೀರು ಪಾಲು! ಹೌದಲ್ರೀ! ಇದು ನಮಗ್ಯಾರಿಗೂ ಹೊಳೀಲೇ ಇಲ್ವಲ್ಲ!"

ಪಟಾಕಿಗೂ ಹೊಳೆದಿರಲಿಲ್ಲ. ಅವಳು ನಿಂತೇ ಇದ್ದಳು. ಇಷ್ಟು ತಿಂಗಳಲ್ಲಿ ಎಷ್ಟು ಸರದಿ ಬಂದಿತ್ತು, ಮೊದಮೊದಲು ಪ್ರತಿ ಸರದಿಗೂ ಅಪ್ಪ ಒಂದು ಉಸಿರು ಎಳೆದುಕೊಂಡಿದ್ದರು, ಆ ಪ್ರತಿಯೊಂದು ಉಸಿರಿನ ಹಿಂದೆ ಇಂಥದ್ದೊಂದು ಇತ್ತೇ? ಜಲಪಾತ, ರೈಲು, ಮುರಿದ ಕಂಬ? ಅದರ ಮೇಲೆಲ್ಲ ಅವಳು ಗುರಾಣಿ ಎತ್ತಿದ್ದಳು. ಅವಮಾನ, ದುಃಖ ಎರಡೂ ಒಟ್ಟಿಗೆ ಬಂದರೆ ಅವಳಿಗೆ ಅಳು ಬರುತ್ತಿರಲಿಲ್ಲ, ಸಿಟ್ಟೇ ಬರುತ್ತಿತ್ತು. ಈಗಲೂ ಅದೇ ಬಂತು, ಹಿಂದೆಂದೂ ಬಾರದಷ್ಟು ಬಂತು.

"ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ಯಲ್ಲಪ್ಪ," ಅಂದಳು. "ನನ್ನ ಮೇಲೆ ಇಷ್ಟು ಸಿಟ್ಟಿತ್ತಾ ನಿಂಗೆ? ಯಾವತ್ತಿಂದ ಇಟ್ಕೊಂಡಿದ್ದೆ ಇದನ್ನ?"

ಅಪ್ಪನ ನಗು ನಿಂತಿತು. ಅವರು ಅವಳನ್ನು ನೇರವಾಗಿ ನೋಡಿದರು.

"ಮೊದಲನೇ... ದಿನದಿಂದ."

"ಹಾಗಿದ್ರೆ ಹೇಳಬಾರದಿತ್ತಾ?" ಪಟಾಕಿ ಕಿರುಚಿದಳು. "ನನ್ನ ಪಾಡಿಗೆ ನಾನು ನಿನಗೋಸ್ಕರ ಒದ್ದಾಡ್ತಾ ಇದ್ರೆ ಸುಮ್ನೆ ನೋಡ್ತಾ ಕೂತಿದ್ಯಲ್ಲ! ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳ ಕಿವಿಗೇ ಅದು ಕೇಳಿಸಿತು. ಡಾಕ್ಟರು ತಲೆ ತಗ್ಗಿಸಿದರು. ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು.

ಅಪ್ಪ ಉಸಿರೆಳೆದುಕೊಂಡರು. "ಹೇ..." ಅಂದರು. ಅಲ್ಲೇ ಸಿಕ್ಕಿಕೊಂಡಿತು. ಮತ್ತೆ ಎಳೆದರು. ಪಟಾಕಿಗೆ ಆ ಪದ ಏನೆಂದು ಗೊತ್ತಾಗಿಹೋಗಿತ್ತು, ಪೂರ್ತಿ ವಾಕ್ಯವೇ ಗೊತ್ತಾಗಿಹೋಗಿತ್ತು. ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕುರ್ಚಿಯ ಮೇಲೆ ಕೂತಳು. ಯಾರೂ ನೆರವಿಗೆ ಬರಲಿಲ್ಲ, ಅವಳೂ ಹೋಗಲಿಲ್ಲ.

"ಹೇಳ್ತಾನೇ," ಅಂದರು ಅಪ್ಪ ಕೊನೆಗೆ, "ಇದ್ದೆ."